ಐದು ಗಂಟೆಯ ಉತ್ತರ

ಕುಷ್ಟಗಿಯ ಆ ಹೈಸ್ಕೂಲಿನಲ್ಲಿ, ಹತ್ತನೇ ತರಗತಿಯ ಎಲ್ಲರ ಎದುರು, ಸುರೇಖಾ ಟೀಚರ್ ಅಂದು ಶೋಭಾರಾಣಿಯನ್ನು ಎಬ್ಬಿಸಿ ನಿಲ್ಲಿಸಿ ಹೊಗಳಿದರು. ಹೊಗಳಿಕೆ ಎಂದರೆ ಅಂಥಿಂಥದ್ದಲ್ಲ. ಬೆಳಗಿನ ಐದಕ್ಕೆ ಫೋನ್ ಮಾಡಿದರೆ ಒಂದೇ ರಿಂಗಿಗೆ ಎತ್ತುವವಳು ಇವಳೊಬ್ಬಳೇ, ಕೇಳಿದ ಪ್ರಶ್ನೆಗೆ ತಡವರಿಸದೆ ಉತ್ತರ ಹೇಳುವವಳೂ ಇವಳೊಬ್ಬಳೇ, ಉಳಿದವರು ಇವಳನ್ನು ನೋಡಿ ಕಲಿಯಬೇಕು ಎಂದರು. ಹುಡುಗಿಯರು ತಿರುಗಿ ನೋಡಿದರು. ಹಿಂದಿನ ಬೆಂಚಿನ ಹುಡುಗರು ಬೇಕಂತಲೇ ಜೋರಾಗಿ ಚಪ್ಪಾಳೆ ತಟ್ಟಿದರು. ಶೋಭಾರಾಣಿ ಮಾತ್ರ ಬಾಯಿ ತೆರೆದುಕೊಂಡು ನಿಂತಿದ್ದಳು. ಯಾಕೆಂದರೆ ಅವಳು ಈ ಒಂದು ವಾರದಲ್ಲಿ ಒಂದು ದಿನವೂ ಫೋನ್ ಎತ್ತಿರಲಿಲ್ಲ.

ಎತ್ತುವುದಿರಲಿ, ಫೋನ್ ರಿಂಗಾದದ್ದೇ ಅವಳಿಗೆ ಕೇಳಿರಲಿಲ್ಲ. ಬಿಸಿಲು ಕಿಟಕಿಯಿಂದ ಇಳಿದು ಕಾಲಿಗೆ ತಾಗುವ ತನಕ ಗಡದ್ದಾಗಿ ಮಲಗಿ, ಎದ್ದ ಮೇಲೆ, ಟೀಚರ್ ಇವತ್ತೂ ಫೋನ್ ಮಾಡಲಿಲ್ಲ, ಬಚಾವಾದೆ ಎಂದುಕೊಂಡು ಮುಖ ತೊಳೆಯುತ್ತಿದ್ದಳು.

ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಕಡೆಯ ಶಾಲೆಗಳಲ್ಲಿ ಮಕ್ಕಳಿಗಿಂತ ಹೆಚ್ಚು ನಿದ್ದೆಗೆಡುವವರು ಮೇಷ್ಟ್ರುಗಳೇ. ಹತ್ತನೇ ತರಗತಿಯ ಮಕ್ಕಳನ್ನು ತಮ್ಮತಮ್ಮಲ್ಲಿ ಹಂಚಿಕೊಂಡು, ಕೋಳಿ ಕೂಗುವ ಹೊತ್ತಿಗೆ ಒಬ್ಬೊಬ್ಬರ ಮನೆಗೂ ಫೋನ್ ಮಾಡಿ ಎಬ್ಬಿಸುತ್ತಾರೆ. ಬೇರೆಯವರು ಒಂದು ಮಿಸ್ ಕಾಲ್ ಕೊಟ್ಟು ತಾವು ಮತ್ತೆ ಹೊದ್ದು ಮಲಗಿಬಿಡುವುದುಂಟು. ಗಣಿತದ ಸುರೇಖಾ ಟೀಚರ್ ಹಾಗಲ್ಲ, ಘಾಟಿ ಹೆಣ್ಣು. ಎದ್ದಿದ್ದೇನೆ ಎಂದು ಗೊಣಗಿ ಮಗ್ಗುಲು ಬದಲಿಸುವ ಮಕ್ಕಳ ಆಟ ಅವರಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಒಂದು ಪ್ರಶ್ನೆ ಕೇಳುತ್ತಾರೆ. ಉತ್ತರ ಸರಿ ಬಂದರೆ ಎದ್ದಂತೆ ಲೆಕ್ಕ, ತಪ್ಪಿದರೆ ಎದ್ದು ಮುಖಕ್ಕೆ ನೀರು ಹಾಕಿಕೊಳ್ಳುವ ಸದ್ದು ಕೇಳುವ ತನಕ ಅವರು ಫೋನ್ ಇಡುವುದಿಲ್ಲ.

ಇಂಥ ಟೀಚರಿಗೆ ಶೋಭಾರಾಣಿ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಹೊಗಳಿಕೆಯ ಆಸೆಗಲ್ಲ, ಕುತೂಹಲಕ್ಕೆ. ತಾನು ಎತ್ತದ ಫೋನನ್ನು ಎತ್ತಿದವರು ಯಾರು, ತಾನು ಹೇಳದ ಉತ್ತರವನ್ನು ಹೇಳಿದವರು ಯಾರು ಎಂದು ಗೊತ್ತಾಗುವ ತನಕ ತುಟಿ ಬಿಚ್ಚಬಾರದೆಂದು ಅವಳಿಗೆ ಅನಿಸಿತು. ಅವಳು ಹುಟ್ಟಿದ್ದೇ ಹಾಗೆ. ನಾಯಿ ಮಲಗುವ ಮುಂಚೆ ಯಾಕೆ ಸುತ್ತು ಹಾಕುತ್ತದೆ, ಒಬ್ಬರು ಆಕಳಿಸಿದರೆ ಇನ್ನೊಬ್ಬರಿಗೆ ಯಾಕೆ ಆಕಳಿಕೆ ಬರುತ್ತದೆ ಎಂದು ಕೇಳಿ ಕೇಳಿ ಅಜ್ಜಿ ಪಕ್ಕೀರವ್ವನ ಪ್ರಾಣ ತಿಂದ ಹುಡುಗಿ. ಚಿಕ್ಕವಳಿದ್ದಾಗ, ನಿದ್ದೆ ಬರುವ ಗಳಿಗೆಯನ್ನು ಕಣ್ಣಾರೆ ನೋಡಬೇಕೆಂದು ರಾತ್ರಿಯೆಲ್ಲ ಕಾದು ಕೂತು, ಅದು ಯಾವಾಗ ಬಂತೋ ತಿಳಿಯದೆ ಬೆಳಿಗ್ಗೆ ಎದ್ದು ಸಿಟ್ಟಿನಿಂದ ಅತ್ತಿದ್ದಳು.

ನಿದ್ದೆಗೂ ಅವಳಿಗೂ ನಿಜವಾದ ಜಗಳ ಹತ್ತಿದ್ದು ಪೂರ್ವಸಿದ್ಧತಾ ಪರೀಕ್ಷೆಯಲ್ಲಿ. ಅವಳ ಅಪ್ಪ ಮಲ್ಲೇಶ ಬಸ್ ಕಂಡಕ್ಟರ್. ಯಲಬುರ್ಗಾ ಕಡೆಯ ಹಳ್ಳಿಯೊಂದಕ್ಕೆ ವಸ್ತಿ ಬಸ್ಸು ಒಯ್ದು, ಅಲ್ಲೇ ಮಲಗಿ, ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಹಿಂದಿರುಗುವವನು. ವಾರದಲ್ಲಿ ಅರ್ಧ ರಾತ್ರಿಗಳು ಅವನು ಮನೆಯಲ್ಲಿರುವುದಿಲ್ಲ. ಕಂಡಕ್ಟರ್ ಕೆಲಸದ ಪರೀಕ್ಷೆಗೆ ತಾನು ತಣ್ಣೀರಿನ ಬುಟ್ಟಿಯಲ್ಲಿ ಕಾಲಿಟ್ಟುಕೊಂಡು ಬೆಳತನಕ ಓದಿ ಪಾಸಾದೆ ಎಂಬುದು ಅವನ ದೊಡ್ಡ ಜಂಬ. ಬಸ್ಸಿನ ಪ್ರಯಾಣಿಕರಿಗೂ ಅದನ್ನು ಹೇಳದೆ ಬಿಟ್ಟವನಲ್ಲ. ಗಣಿತದ ಹಿಂದಿನ ರಾತ್ರಿ ಮಗಳನ್ನೂ ಹಾಗೇ ಕೂರಿಸಿದ. ಪ್ಲಾಸ್ಟಿಕ್ ಬುಟ್ಟಿಯ ತುಂಬ ನೀರು, ನೀರಿನಲ್ಲಿ ಕಾಲು, ಪಕ್ಕದಲ್ಲಿ ಚಹಾದ ಫ್ಲಾಸ್ಕು. ಹುಡುಗಿ ಬೆಳತನಕ ಓದಿದಳು. ಮರುದಿನ ಪರೀಕ್ಷೆಯಲ್ಲಿ ಮೊದಲ ಪುಟ ಮುಗಿಯುವಷ್ಟರಲ್ಲಿ ಅಕ್ಷರಗಳು ಜೋತು ಬಿದ್ದವು. ಪೆನ್ನಿನ ಗೆರೆಯೊಂದು ಸಾಲು ಬಿಟ್ಟು ಕೆಳಗೆ ಜಾರಿ, ಹಾಳೆಯ ಅಂಚು ದಾಟಿ ಹೋಯಿತು. ಎಂಬತ್ತಕ್ಕೆ ಬಂದದ್ದು ಹತ್ತೊಂಬತ್ತು.

ಆ ಉತ್ತರಪತ್ರಿಕೆಗೆ ಪಾಲಕರ ಸಹಿ ಹಾಕಿದವಳು ಅವ್ವ ಕನಕಮ್ಮ. ಜಾರಿದ ಗೆರೆಯನ್ನು ಅವಳು ಬಹಳ ಹೊತ್ತು ನೋಡಿದಳು. ಬಯ್ಯಲಿಲ್ಲ, ಏನೂ ಕೇಳಲಿಲ್ಲ, ಸಹಿ ಹಾಕಿ ಕೊಟ್ಟು ಒಲೆಯ ಕಡೆ ಹೋದಳು. ಬಯ್ಯುವ ಕೆಲಸವನ್ನು ಮಲ್ಲೇಶ ಸಂಜೆ ಬಂದು ಬಾಯ್ತುಂಬ ಮಾಡಿದ. ಅವ್ವನ ತಲೆಯೇ ಮಗಳಿಗೆ ಬಂದಿದೆ ಎಂದ. ಕನಕಮ್ಮ ತವರೂರು ತಾವರಗೇರಾದಲ್ಲಿ ಹತ್ತನೇ ತರಗತಿಯ ಗಣಿತದಲ್ಲಿ ನಪಾಸಾದವಳು. ಮದುವೆಯಾದ ವರ್ಷದಿಂದ ಮಲ್ಲೇಶ ಅವಳನ್ನು ಕರೆಯುವುದೇ 'ನಪಾಸ್ ಮೇಡಂ' ಎಂದು. ಅವನು ಕೆಟ್ಟ ಮನುಷ್ಯನಲ್ಲ, ಅದು ಅವನಿಗೆ ಪ್ರೀತಿಯ ಹೆಸರು. ಆ ಹೆಸರು ಕರೆದಾಗಲೆಲ್ಲ ಅವಳು ನಗುತ್ತಿದ್ದಳು, ಅಷ್ಟಕ್ಕೆ ಎಲ್ಲರೂ ನಗುತ್ತಿದ್ದರು.

ಬಯ್ದ ಮೇಲೆ ಅವನು ಟಿಕೆಟ್ ಹರಿದು ಕೊಟ್ಟ ಹಾಗೆ ಹೇಳಿದ. ಮುಖ್ಯ ಪರೀಕ್ಷೆಯಲ್ಲಿ ಗಣಿತ ಪಾಸಾದರೆ ಗಂಗಾವತಿಯ ಸೋದರತ್ತೆಯ ಮನೆಯಲ್ಲಿದ್ದು ವಿಜ್ಞಾನ ಓದುವುದು. ನಪಾಸಾದರೆ ಮನೆಯಲ್ಲೇ ಇದ್ದು ಹೊಲಿಗೆ ಕಲಿಯುವುದು. ಶೋಭಾರಾಣಿಗೆ ಹೊಲಿಗೆಯ ಮೇಲೆ ಸಿಟ್ಟಿಲ್ಲ, ಆದರೆ ಮನುಷ್ಯನ ತಲೆಯೊಳಗೆ ರಾತ್ರಿ ಏನು ನಡೆಯುತ್ತದೆ ಎಂದು ಹೊಲಿಗೆ ಕ್ಲಾಸಿನಲ್ಲಿ ಯಾರೂ ಹೇಳಿಕೊಡುವುದಿಲ್ಲ. ಅವಳಿಗೆ ವಿಜ್ಞಾನವೇ ಬೇಕಿತ್ತು.

ಇಂಥ ಹೊತ್ತಿನಲ್ಲಿ ಈ ಫೋನಿನ ಸೋಜಿಗ. ಶಾಲೆಯಿಂದ ಬಂದವಳೇ ಅವಳು ಫೋನ್ ತೆರೆದು ನೋಡಿದಳು. ಮನೆಯಲ್ಲಿದ್ದ ಆ ಒಂದು ಫೋನು ರಾತ್ರಿ ಅವಳ ತಲೆದಿಂಬಿನ ಪಕ್ಕದಲ್ಲೇ ಇರುತ್ತಿತ್ತು, ಬೆಳಿಗ್ಗೆ ಅಲ್ಲೇ ಸಿಗುತ್ತಿತ್ತು. ಟೀಚರ ಕರೆಗಳು ಸಾಲಾಗಿ ಇದ್ದವು. ದಿನಾಲೂ ಐದಕ್ಕೆ, ಒಂದೂ ತಪ್ಪಿಲ್ಲ. ಎಲ್ಲವನ್ನೂ ಯಾರೋ ಎತ್ತಿ ಮಾತನಾಡಿದ್ದಾರೆ.

ಮರುದಿನ ಬಿಸಿಯೂಟದ ಹೊತ್ತಿಗೆ ಗೆಳತಿ ಮೆಹರುನಬಿಯನ್ನು ಬೇವಿನ ಮರದ ಕೆಳಗೆ ಎಳೆದುಕೊಂಡು ಹೋಗಿ ಎಲ್ಲ ಹೇಳಿದಳು. ಮೆಹರುನಬಿ ತುತ್ತು ನುಂಗುವ ಮೊದಲೇ ತೀರ್ಪು ಕೊಟ್ಟಳು.

"ನಮ್ಮ ನಾನಿ ನಿದ್ದ್ಯಾಗ ಎದ್ದು ಬಾಗಲ ಚಿಲಕ ಹಾಕ್ತಾಳ. ಮುಂಜಾನಿ ಕೇಳಿದ್ರ ನಾ ಅಲ್ಲ ಅಂತಾಳ. ನೀನೂ ಹಂಗ, ನಿದ್ದ್ಯಾಗ ಉತ್ತರ ಹೇಳಾಕತ್ತಿ."

ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದರಿಂದ ಮೆಹರುನಬಿ ಆ ವಿಷಯವನ್ನು ಸಂಜೆಯೊಳಗೆ ಐದಾರು ಜನರಿಗಷ್ಟೇ ಹೇಳಿದಳು. ಮರುದಿನ ಹುಡುಗಿಯರ ಸಾಲಿನಲ್ಲಿ ಓದಿನ ರೀತಿಯೇ ಬದಲಾಯಿತು. ನಿದ್ದೆಯಲ್ಲೇ ಗಣಿತ ಬರುವುದಾದರೆ ಎದ್ದು ಒದ್ದಾಡುವುದು ಯಾಕೆ? ಪುಸ್ತಕಗಳು ತಲೆದಿಂಬಿನ ಕೆಳಗೆ ಸೇರಿದವು. ಮೆಹರುನಬಿ ಇನ್ನೂ ಮುಂದೆ ಹೋಗಿ ದಿಂಬನ್ನೇ ತೆಗೆದು, ಪ್ರಮೇಯಗಳ ಪುಟ ತೆರೆದಿಟ್ಟು ಅದರ ಮೇಲೆ ಕೆನ್ನೆಯಿಟ್ಟು ಮಲಗಿದಳು. ಬೆಳಿಗ್ಗೆ ಟೀಚರ್ ಕೇಳಿದ ಪ್ರಶ್ನೆಗೆ ಅವಳಿಗೆ ಉತ್ತರ ಹೊಳೆಯಲಿಲ್ಲ, ಕತ್ತು ಮಾತ್ರ ಎರಡು ದಿನ ತಿರುಗಲಿಲ್ಲ.

ಶೋಭಾರಾಣಿ ನಕ್ಕರೂ ಒಳಗೊಳಗೆ ನಂಬಿದ್ದಳು. ನಂಬುವುದಕ್ಕೆ ಕಾರಣವೂ ಇತ್ತು. ಪೂರ್ವಸಿದ್ಧತಾ ಪರೀಕ್ಷೆಯ ನಂತರ ಅವ್ವ, ಯಾಕೋ ಏನೋ, ಊಟವಾದ ಸ್ವಲ್ಪ ಹೊತ್ತಿಗೇ ದೀಪ ಆರಿಸತೊಡಗಿದ್ದಳು. ಸಂಜೆ ಬಾಯಿಪಾಠ ಮಾಡಿ ಮಲಗಿದ್ದು ಬೆಳಿಗ್ಗೆ ಎದ್ದಾಗ ಮೊದಲಿಗಿಂತ ಸ್ಪಷ್ಟವಾಗಿ ನೆನಪಿರುತ್ತಿತ್ತು. ಸಂಜೆ ಬಿಡಿಸಲಾಗದೆ ಬಿಟ್ಟ ಲೆಕ್ಕ ಮುಂಜಾನೆ ಹಲ್ಲುಜ್ಜುವಾಗ ತಾನಾಗಿ ಬಿಡಿಸಿಕೊಳ್ಳುತ್ತಿತ್ತು. ತರಗತಿಯಲ್ಲಿ ತೂಕಡಿಕೆ ನಿಂತೇಹೋಗಿತ್ತು. ತಾನು ಮಲಗಿದ ಮೇಲೆ ತನ್ನೊಳಗೆ ಇನ್ನೊಬ್ಬ ಶೋಭಾರಾಣಿ ಎದ್ದು, ಓದಿದ್ದನ್ನೆಲ್ಲ ಅಚ್ಚುಕಟ್ಟಾಗಿ ಜೋಡಿಸಿಟ್ಟು, ಐದಕ್ಕೆ ಫೋನನ್ನೂ ಎತ್ತುತ್ತಾಳೇನೋ. ಈ ಯೋಚನೆ ಅವಳಿಗೆ ಬಹಳ ಹಿಡಿಸಿತು.

ಆ ಯೋಚನೆಗೆ ಕಲ್ಲು ಬಿದ್ದದ್ದು ಒಂದು ಸೋಮವಾರ. ಟೀಚರ್ ತರಗತಿ ಮುಗಿಸಿ ಹೊರಡುವಾಗ ಅವಳ ಬೆಂಚಿನ ಹತ್ತಿರ ನಿಂತರು.

"ಮುಂಜಾನಿ ನಿನಗ ಬೇಕಾದ್ದೊಂದು ಸೂತ್ರ ಹೇಳು ಅಂದ್ರ ಜಾಲಾಕೃತಿ ಸೂತ್ರ ಹೇಳಿದೆಲ್ಲ. ಎನ್ ಪ್ಲಸ್ ಆರ್ ಅಂದ್ರ ಎ ಪ್ಲಸ್ ಎರಡು. ಅದನ್ನ ನಿನಗ ಯಾರು ಕಲಿಸಿದ್ರು?"

ಶೋಭಾರಾಣಿಗೆ ಜಾಲಾಕೃತಿ ಎಂದರೇನೆಂದೇ ಗೊತ್ತಿರಲಿಲ್ಲ. ಎಲ್ಲೋ ಓದಿದ್ದೆ ಎಂದು ತೊದಲಿದಳು. ಅದು ಹಳೆಯ ಸಿಲಬಸ್ಸಿನದು, ತಾವು ಹತ್ತನೇ ತರಗತಿಯಲ್ಲಿದ್ದಾಗ ಓದಿದ್ದು, ಈಗಿನ ಪುಸ್ತಕದಲ್ಲಿ ಇಲ್ಲವೇ ಇಲ್ಲ ಎಂದು ಟೀಚರ್ ಅವಳ ಮುಖವನ್ನೇ ನೋಡುತ್ತ ಹೇಳಿ ಹೊರಟುಹೋದರು.

ಈಗ ಅವಳು ನಿಜವಾಗಿ ದಿಗಿಲುಬಿದ್ದಳು. ಒಳಗಿರುವ ಇನ್ನೊಬ್ಬ ಶೋಭಾರಾಣಿ ಎಷ್ಟೇ ಜಾಣೆಯಾದರೂ ಓದದೇ ಇದ್ದದ್ದನ್ನು ಹೇಗೆ ಹೇಳಿಯಾಳು? ಹೇಳಿದವರು ಹೊರಗಿನವರೇ. ಮನೆಯಲ್ಲಿರುವವರು ನಾಲ್ಕು ಜನ. ಅಪ್ಪ ವಸ್ತಿಗೆ ಹೋದ ದಿನಗಳಲ್ಲೂ ಉತ್ತರ ಹೋಗಿದೆ, ಆದ್ದರಿಂದ ಅಪ್ಪನಲ್ಲ. ಅಜ್ಜಿ ಪಕ್ಕೀರವ್ವನಿಗೆ ಎದುರು ನಿಂತು ಕೂಗಿದರೂ ಅರ್ಧ ಕೇಳುವುದಿಲ್ಲ, ಅವಳು ಫೋನಿನಲ್ಲಿ ಮಾತನಾಡುವುದೆಂದರೆ ಬೀದಿಗೆಲ್ಲ ಎಚ್ಚರವಾದಂತೆ. ಉಳಿದವಳು ಅವ್ವ. ಅವ್ವ ನಾಲ್ಕಕ್ಕೇ ಎದ್ದು ಬಸ್‌ಸ್ಟ್ಯಾಂಡ್ ಹತ್ತಿರದ ಖಾನಾವಳಿಗೆ ಜೋಳದ ರೊಟ್ಟಿ ಬಡಿಯುತ್ತಾಳೆ ನಿಜ. ಫೋನಿನಲ್ಲಿ ಅವ್ವನ ದನಿಯನ್ನು ಮಗಳದೆಂದು, ಮಗಳದನ್ನು ಅವ್ವನದೆಂದು ನೆಂಟರೆಲ್ಲ ತಪ್ಪು ತಿಳಿಯುವುದೂ ನಿಜ. ಆದರೆ ಅವ್ವ ಗಣಿತದಲ್ಲಿ ನಪಾಸಾದವಳಲ್ಲವೇ? ನಪಾಸ್ ಮೇಡಂ ಪ್ರಮೇಯ ಹೇಳುತ್ತಾಳೆಯೇ? ಹುಡುಗಿ ಅವ್ವನನ್ನು ಲೆಕ್ಕದಿಂದ ತೆಗೆದೇ ಹಾಕಿದಳು. ನೋಡಿ, ಒಂದು ಹೆಸರು ಮನುಷ್ಯರ ಮೇಲೆ ಹೇಗೆ ಕೂತುಬಿಡುತ್ತದೆ.

ಆದರೂ ಪರೀಕ್ಷಿಸದೆ ಬಿಡುವವಳಲ್ಲ ಅವಳು. ಫೋನಿಗೆ ಕಂದುಗೆಂಪು ಬಣ್ಣದ ಕವರು ಇತ್ತು. ಅಂದು ಮಲಗುವ ಮುಂಚೆ ದೇವರ ಜಗಲಿಯಿಂದ ಚಿಟಿಕೆ ಕುಂಕುಮ ತಂದು ಕವರಿನ ಅಂಚಿಗೂ ಕಿವಿಗೆ ತಾಗುವ ಮೇಲ್ತುದಿಗೂ ನುಣ್ಣಗೆ ಸವರಿದಳು. ಆ ಬಣ್ಣದಲ್ಲಿ ಅದು ಕಾಣುವಂತಿರಲಿಲ್ಲ. ಫೋನ್ ಎತ್ತಿದವರು ಯಾರೇ ಇರಲಿ, ಭೂತವೇ ಇರಲಿ, ಕಿವಿ ಕೆಂಪಗಾಗಲೇಬೇಕು. ಇಷ್ಟು ಮಾಡಿ, ಎಚ್ಚರವಿದ್ದು ನೋಡಿಯೇಬಿಡೋಣ ಎಂದು ಕಣ್ಣು ಬಿಟ್ಟುಕೊಂಡು ಮಲಗಿದಳು. ನಿದ್ದೆ ಎಂದಿನ ಹಾಗೆ ಹೇಳದೆ ಕೇಳದೆ ಬಂತು.

ಬೆಳಿಗ್ಗೆ ಎದ್ದವಳು ಮೊದಲು ಕನ್ನಡಿಯಲ್ಲಿ ತನ್ನ ಕಿವಿ ನೋಡಿಕೊಂಡಳು. ಸ್ವಚ್ಛವಾಗಿತ್ತು. ಪಡಸಾಲೆಯಲ್ಲಿ ಅಜ್ಜಿ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದಳು. ಶೋಭಾರಾಣಿ ಅವಳ ಎರಡೂ ಕಿವಿಯನ್ನು ಹಿಡಿದು ತಿರುಗಿಸಿ ನೋಡಿ, ಬೆನ್ನಿಗೊಂದು ಗುದ್ದು ತಿಂದಳು. ಅಪ್ಪ ವಸ್ತಿಗೆ ಹೋಗಿದ್ದ. ಇನ್ನೇನು, ಭೂತವೇ ಎಂದುಕೊಂಡು ಅಡುಗೆಮನೆಗೆ ಬಂದಳು. ಅವ್ವ ತಲೆಯ ಮೇಲೆ ಸೆರಗು ಹೊದ್ದು ಕೊನೆಯ ರೊಟ್ಟಿಗಳನ್ನು ಬಡಿಯುತ್ತಿದ್ದಳು. ಒಲೆಯ ಬಿಸಿಗೆ ಬೆವರಿ, ಮೊಣಕೈಯಿಂದ ಸೆರಗನ್ನು ಹಿಂದಕ್ಕೆ ಸರಿಸಿದಳು. ಬಲಗಿವಿಯ ಮೇಲೆ, ಅದರ ಕೆಳಗಿನ ಕೆನ್ನೆಯ ಮೇಲೆ, ಓಲೆಯ ಸುತ್ತಲೂ ಕುಂಕುಮ ಬೆವರಿನಲ್ಲಿ ಕರಗಿ ಕೆಂಪಗೆ ಇಳಿದಿತ್ತು.

ಶೋಭಾರಾಣಿ ಹತ್ತಿರ ಹೋಗಿ ಬೆರಳಿನಿಂದ ಆ ಕೆಂಪನ್ನು ಒರೆಸಿ ಅವ್ವನಿಗೇ ತೋರಿಸಿದಳು. ಕನಕಮ್ಮ ಬೆರಳು ನೋಡಿದಳು, ಮಗಳ ಕೈಯಲ್ಲಿದ್ದ ಫೋನಿನ ಕವರು ನೋಡಿದಳು, ಒಂದೇ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಸಿಕ್ಕಿಬಿದ್ದವರು ನಗುವ ಹಾಗೆ ನಕ್ಕು ಮತ್ತೆ ಹಿಟ್ಟಿಗೆ ಕೈಹಾಕಿದಳು.

"ನಾಕಕ್ಕ ನಾ ಹೆಂಗೂ ಎದ್ದಿರ್ತೀನಿ. ಇನ್ನೊಬ್ಬಾಕಿ ಯಾಕ ಏಳಬೇಕು?"

ಎದ್ದ ಕೂಡಲೇ ಫೋನನ್ನು ಮಗಳ ತಲೆದಿಂಬಿನಿಂದ ತೆಗೆದುಕೊಂಡು, ಸದ್ದಿಲ್ಲದಂತೆ ಮಾಡಿ ಒಲೆಯ ಪಕ್ಕ ಇಟ್ಟುಕೊಳ್ಳುತ್ತಿದ್ದಳಂತೆ. ಫೋನಿನಲ್ಲಿ ಬೆಳಕು ಕಂಡ ತಕ್ಷಣ ಎತ್ತಿ, ಮಾತು ಮುಗಿದ ಮೇಲೆ ಮತ್ತೆ ದಿಂಬಿನ ಪಕ್ಕದಲ್ಲೇ ಇಟ್ಟು ಬರುತ್ತಿದ್ದಳಂತೆ. ಉತ್ತರ ಹೇಗೆ ಗೊತ್ತು ಎಂದು ಮಗಳು ಕೇಳಿದಳು. ಮಗಳು ಸಂಜೆಯೆಲ್ಲ ಬಾಯಿಪಾಠ ಮಾಡುವುದು ಕಿವಿಗೆ ಬೀಳುವುದಿಲ್ಲವೇ, ಅರ್ಧ ಅಲ್ಲಿಂದ ಬಂತು, ಇನ್ನರ್ಧ ತನಗೆ ಮೊದಲೇ ಬರುತ್ತಿತ್ತು ಎಂದಳು ಅವ್ವ. ಮೊದಲೇ ಬರುತ್ತಿದ್ದರೆ ನಪಾಸಾದದ್ದು ಹೇಗೆ?

ಈ ಪ್ರಶ್ನೆಯನ್ನು ಶೋಭಾರಾಣಿ ಹುಟ್ಟಿದಾಗಿನಿಂದ ಇವತ್ತಿನವರೆಗೆ ಕೇಳಿರಲಿಲ್ಲ. ನಾಯಿ ಯಾಕೆ ಸುತ್ತು ಹಾಕುತ್ತದೆ ಎಂದು ಕೇಳಿದವಳು ಅವ್ವ ಯಾಕೆ ನಪಾಸಾದಳೆಂದು ಕೇಳಿರಲಿಲ್ಲ. ಬಾಯಿಂದ ಮಾತು ಹೊರಬಿದ್ದ ಮೇಲೆ ಅವಳಿಗೆ ಅದು ಹೊಳೆದು ನಾಚಿಕೆಯಾಯಿತು.

ಕನಕಮ್ಮ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ, ತಿರುವಿ ಹಾಕಿ, ಆಮೇಲೆ ಹೇಳಿದಳು. ತಾವರಗೇರಾದಲ್ಲಿ ಅವಳು ಗಣಿತದಲ್ಲಿ ತರಗತಿಗೆ ಮುಂದಿದ್ದವಳು. ಪರೀಕ್ಷೆಯ ಹಿಂದಿನ ರಾತ್ರಿ ರೆಪ್ಪೆ ಮುಚ್ಚದೆ ಓದಿದಳು, ಹಾಗೆ ಓದಿದರೇ ಓದು ಎಂದು ಎಲ್ಲರೂ ಹೇಳುತ್ತಿದ್ದರು. ಪ್ರಶ್ನೆಪತ್ರಿಕೆ ಕೈಗೆ ಬಂತು, ಎಲ್ಲವೂ ಬರುವಂಥವೇ. ಜಾಲಾಕೃತಿಯ ಪ್ರಶ್ನೆ ಅವಳಿಗೆ ಬಹಳ ಇಷ್ಟ, ಅಂಗಳದ ರಂಗೋಲಿಯ ಚುಕ್ಕಿ, ಗೆರೆ, ಮನೆ ಎಣಿಸಿದರೂ ಆ ಸೂತ್ರ ತಪ್ಪುವುದಿಲ್ಲ. ಅದನ್ನೇ ಮೊದಲು ಬರೆದಳು. ಮುಂದಿನದನ್ನು ಯೋಚಿಸೋಣ ಎಂದು ಕೈಯ ಮೇಲೆ ತಲೆಯಿಟ್ಟಳು. ತಲೆ ಎತ್ತಿದಾಗ ಗಂಟೆ ಬಾರಿಸಿ, ಪೇಪರು ಕಸಿದುಕೊಳ್ಳುತ್ತಿದ್ದರು.

"ನಿದ್ದಿ ಹತ್ತಿ ನಪಾಸಾದೆ ಅಂದ್ರ ಮಂದಿ ನಗತಾರ. ಬರಲಿಲ್ಲ ಅಂದ್ರ ಸುಮ್ನಾಗತಾರ. ಅದಕ್ಕ ಬರಲಿಲ್ಲ ಅಂದೆ."

ಬರದವಳನ್ನು ಮತ್ತೆ ಯಾಕೆ ಪರೀಕ್ಷೆಗೆ ಕೂರಿಸುವುದು ಎಂದು ಮನೆಯವರು ಅಲ್ಲಿಗೇ ಓದು ಬಿಡಿಸಿದರು. ಆಮೇಲೆ ಮದುವೆ. ಮಗಳ ಉತ್ತರಪತ್ರಿಕೆಯಲ್ಲಿ ಆ ಜಾರಿದ ಗೆರೆ ಕಂಡಾಗ ತನ್ನದೇ ಹಾಳೆ ಎದುರಿಗೆ ಬಂದಂತಾಯಿತು, ಮಗಳ ನಿದ್ದೆ ಕೆಡಿಸಬಾರದೆಂದು ಅವತ್ತೇ ನಿಶ್ಚಯ ಮಾಡಿದ್ದಾಗಿ ಹೇಳಿದಳು. ಟೀಚರಿಗೆ ಸುಳ್ಳು ಹೇಳುವುದು ತಪ್ಪು ಎಂದು ಶೋಭಾರಾಣಿ ಅಂದರೆ, ತಪ್ಪೇ, ಗಣಿತದ ಪರೀಕ್ಷೆ ಮುಗಿದ ದಿನ ನಾನೇ ಹೋಗಿ ಕಾಲು ಹಿಡಿಯುತ್ತೇನೆ, ಅಲ್ಲಿಯವರೆಗೆ ನೀನು ಮಲಗು ಎಂದು ಅವ್ವ ಅಲ್ಲಿಗೆ ಮಾತು ಮುಗಿಸಿದಳು.

ಮರುದಿನ ಶೋಭಾರಾಣಿಗೆ ಐದರ ಹೊತ್ತಿಗೆ ತಾನಾಗಿ ಎಚ್ಚರವಾಯಿತು. ಕಣ್ಣು ಮುಚ್ಚಿಕೊಂಡೇ ಕಿವಿಗೊಟ್ಟಳು. ಅಡುಗೆಮನೆಯಿಂದ ಸಣ್ಣ ದನಿ ಬರುತ್ತಿತ್ತು. ಶಂಕುವಿನ ಘನಫಲ ಮೂರನೇ ಒಂದು ಪೈ ಆರ್ ವರ್ಗ ಎಚ್ ಎಂದಿತು, ಟೀಚರ್ ಶಹಬ್ಬಾಸ್ ಎಂದಿರಬೇಕು, ಕಿಸಕ್ಕೆಂದು ನಕ್ಕಿತು. ಆ ನಗೆಯಲ್ಲಿ ಅವ್ವನಿಗೆ ಹದಿನೈದೇ ವರ್ಷ. ತನ್ನ ನಿದ್ದೆ ಕಾಯುವುದಕ್ಕಷ್ಟೇ ಅವಳು ಫೋನ್ ಎತ್ತುತ್ತಿಲ್ಲ, ಆ ಒಂದು ಪ್ರಶ್ನೆಗಾಗಿ ಅವಳು ಕಾದಿರುತ್ತಾಳೆ ಎಂದು ಶೋಭಾರಾಣಿಗೆ ಆಗ ಗೊತ್ತಾಯಿತು. ಪರೀಕ್ಷೆ ಮುಗಿದರೆ ಫೋನೂ ಮುಗಿಯುತ್ತದೆ. ಅವಳು ಮಗ್ಗುಲಾಗಿ ಹೊದಿಕೆ ಎಳೆದುಕೊಂಡಳು.

ಗಣಿತದ ಹಿಂದಿನ ಸಂಜೆ ಮಲ್ಲೇಶ ಡ್ಯೂಟಿ ಬದಲಿಸಿಕೊಂಡು ಮನೆಗೆ ಬಂದ. ಕೈಯಲ್ಲಿ ಹೊಸ ಫ್ಲಾಸ್ಕು. ಊಟವಾದ ಕೂಡಲೇ ಪ್ಲಾಸ್ಟಿಕ್ ಬುಟ್ಟಿಗೆ ನೀರು ತುಂಬಿ ಪಡಸಾಲೆಯ ನಡುವೆ ತಂದಿಟ್ಟ. ಇವತ್ತು ತಾನೂ ಮಗಳ ಜೊತೆ ಕೂರುವುದಾಗಿ, ಇಬ್ಬರೂ ಬೆಳತನಕ ಕಣ್ಣು ಮುಚ್ಚುವುದಿಲ್ಲವೆಂದು ಉತ್ಸಾಹದಿಂದ ಹೇಳಿದ. ಪಾಪ, ಅವನೂ ಮಗಳಿಗೆ ಒಳ್ಳೆಯದಾಗಲೆಂದೇ ನೀರು ಹೊತ್ತವನು. ಶೋಭಾರಾಣಿ ಅವ್ವನ ಮುಖ ನೋಡಿದಳು. ಕನಕಮ್ಮ ಬಂದು ಗಂಡನಿಗೂ ಬುಟ್ಟಿಗೂ ನಡುವೆ ನಿಂತಳು.

"ಆಕಿ ಮಲಗ್ತಾಳ್ರಿ."

"ನಪಾಸ್ ಮೇಡಂ, ನೀ ಸುಮ್ಕಿರು."

"ನನಗ ಗಣಿತ ಬರ್ತಿತ್ತ್ರಿ. ರಾತ್ರೆಲ್ಲ ಎದ್ದಿದ್ದೆ, ಪರೀಕ್ಷಾದಾಗ ನಿದ್ದಿ ಹೋದೆ. ಅದಕ್ಕ ನಪಾಸಾದೆ. ಈಕಿಗೂ ಹಂಗ ಮಾಡಬ್ಯಾಡ್ರಿ."

ಹದಿನೆಂಟು ವರ್ಷ ಅದೇ ಹೆಸರು ಹಿಡಿದು ಕರೆದೆನಲ್ಲ, ಒಂದು ಸಲವಾದರೂ ಹೇಳಬಾರದಿತ್ತೇ ಎಂದು ಮಲ್ಲೇಶ ಕೇಳಿದ.

"ಒಂದು ಸಲನೂ ಯಾಕ ಅಂತ ನೀವು ಕೇಳ್ಲಿಲ್ಲಲ್ರಿ," ಎಂದಳು ಕನಕಮ್ಮ. ದನಿ ಎತ್ತರಿಸಲಿಲ್ಲ.

ಮಲ್ಲೇಶ ಬುಟ್ಟಿ ಎತ್ತಿಕೊಂಡು ಹೋಗಿ ಅಂಗಳದ ಕರಿಬೇವಿನ ಗಿಡಕ್ಕೆ ನೀರು ಸುರಿದ. ಒಳಗೆ ಬಂದು ಮಗಳ ಹಾಸಿಗೆ ತಾನೇ ಕೊಡವಿ ಹಾಸಿದ, ಫ್ಯಾನಿನ ಕೆಳಗೆ ಬರುವಂತೆ ಎಳೆದ. ಪಕ್ಕದ ಮನೆಯವರ ಟಿವಿ ಜೋರಾಗಿತ್ತು, ಗೋಡೆಯ ಆಚೆ ಹೋಗಿ ಕಡಿಮೆ ಮಾಡಿಸಿ ಬಂದ. ಶೋಭಾರಾಣಿ ಕಣ್ಣು ಮುಚ್ಚಿದಳು. ಇವತ್ತಾದರೂ ನಿದ್ದೆ ಬರುವ ಗಳಿಗೆ ಕಾಣಬಹುದೇ ಎಂದು ಕಾದಳು, ಇಂದೂ ಅದು ಸಿಗಲಿಲ್ಲ.

ಪರೀಕ್ಷೆಯ ಮುಂಜಾನೆ ಐದಕ್ಕೆ ಫೋನ್ ಬಂದಾಗ ಕನಕಮ್ಮ ಮಗಳ ದನಿ ತೆಗೆಯಲಿಲ್ಲ. ತನ್ನ ದನಿಯಲ್ಲೇ, ಇಷ್ಟು ದಿನ ಮಾತನಾಡಿದವಳು ನಾನು, ಮಗಳು ಮಲಗಿದ್ದಾಳೆ, ಎಬ್ಬಿಸುವುದಿಲ್ಲ, ಬೈಯುವುದಿದ್ದರೆ ನನಗೆ ಬೈಯಿರಿ ಎಂದಳು. ಆ ಕಡೆ ಟೀಚರ್ ನಕ್ಕರಂತೆ. ಜಾಲಾಕೃತಿ ಹೇಳಿದ ದಿನವೇ ನನಗೆ ಅನುಮಾನ ಬಂದಿತ್ತು, ಆದರೆ ಹುಡುಗಿ ತರಗತಿಯಲ್ಲಿ ಕಣ್ಣರಳಿಸಿ ಕೂರುವುದನ್ನು ನೋಡಿ ಸುಮ್ಮನಾದೆ ಎಂದರಂತೆ. ಇದೆಲ್ಲ ಶೋಭಾರಾಣಿಗೆ ಆಮೇಲೆ ಗೊತ್ತಾದದ್ದು, ಆಗ ಅವಳು ಗಾಢ ನಿದ್ದೆಯಲ್ಲಿದ್ದಳು.

ಪರೀಕ್ಷೆ ಹೇಗಾಯಿತೆಂದರೆ, ಬರೆದಳು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದು ಗೆರೆಯೂ ಸಾಲು ಬಿಟ್ಟು ಇಳಿಯಲಿಲ್ಲ. ಒಂದು ಲೆಕ್ಕ ತಪ್ಪಿತು, ಅದು ಎಚ್ಚರದಲ್ಲೇ ತಪ್ಪಿದ್ದು. ಮುಗಿಸಿ ಇನ್ನೂ ಹೊತ್ತಿತ್ತು. ಪಾಸಾಗುವುದರಲ್ಲಿ ಅವಳಿಗೆ ಅನುಮಾನ ಉಳಿಯಲಿಲ್ಲ, ಕೂತಲ್ಲೇ ಗಂಗಾವತಿಯ ಬಸ್ಸು ಹತ್ತಿದಂತಾಯಿತು. ಹೊರಗೆ ಗೇಟಿನ ಹತ್ತಿರ ಅಪ್ಪ ಕಂಡಕ್ಟರ್ ಬಟ್ಟೆಯಲ್ಲೇ ನಿಂತಿದ್ದ. ರಾತ್ರಿ ಚೆನ್ನಾಗಿ ನಿದ್ದೆ ಬಂತೇ ಎಂದು ಕೇಳಿದ, ಪ್ರಶ್ನೆಪತ್ರಿಕೆಯ ವಿಷಯ ಎತ್ತಲೇ ಇಲ್ಲ.

ಎಲ್ಲ ಪರೀಕ್ಷೆಗಳೂ ಮುಗಿದ ಮರುದಿನ ಶೋಭಾರಾಣಿ ಬೇಗ ಎದ್ದಳು, ಇನ್ನು ಓದುವುದೇನೂ ಇರಲಿಲ್ಲ, ಸುಮ್ಮನೆ ಎಚ್ಚರವಾಗಿತ್ತು. ಅಡುಗೆಮನೆಗೆ ಹೋಗಿ ಅವ್ವನ ಪಕ್ಕ ಕೂತಳು. ಅವ್ವ ರೊಟ್ಟಿ ಬಡಿಯುತ್ತಿದ್ದಳು, ಫೋನು ಹಳೆಯ ಅಭ್ಯಾಸಕ್ಕೆ ಒಲೆಯ ಪಕ್ಕದಲ್ಲೇ ಇತ್ತು. ಅವಳು ಅದರ ಕಡೆ ನೋಡುತ್ತಿರಲಿಲ್ಲ, ನೋಡದಿರಲು ಪ್ರಯತ್ನಿಸುತ್ತಿದ್ದಳು. ಐದಕ್ಕೆ ಫೋನಿನಲ್ಲಿ ಬೆಳಕು ಬಂತು. ಶೋಭಾರಾಣಿ ಎತ್ತಿ, ಪರೀಕ್ಷೆ ಮುಗೀತಲ್ರಿ ಟೀಚರ್ ಎಂದಳು.

"ನಿನಗಲ್ಲ. ಕನಕಮ್ಮಾರಿಗೆ ಕೊಡು," ಎಂದರು ಸುರೇಖಾ ಟೀಚರ್.

ಅವ್ವನ ಎರಡೂ ಕೈ ಹಿಟ್ಟಾಗಿತ್ತು. ಶೋಭಾರಾಣಿ ಸೆರಗು ಸರಿಸಿ ಫೋನನ್ನು ಅವಳ ಬಲಗಿವಿಗೆ ಹಿಡಿದಳು. ಟೀಚರ್ ಕೇಳಿದ್ದು ಅವಳಿಗೂ ಕೇಳಿಸಿತು. ಮೂರು, ಏಳು, ಹನ್ನೊಂದು ಎಂದು ಹೀಗೆ ಹೋಗುವ ಶ್ರೇಢಿಯ ಇಪ್ಪತ್ತನೇ ಪದ ಯಾವುದು? ಕನಕಮ್ಮ ಬಡಿಯುವುದನ್ನು ನಿಲ್ಲಿಸಿದಳು. ಕಣ್ಣು ಮುಚ್ಚಿ, ಹಿಟ್ಟಿನ ಬೆರಳುಗಳನ್ನು ಮಡಚುತ್ತ, ತುಟಿಯಲ್ಲೇ ಲೆಕ್ಕ ಹಾಕತೊಡಗಿದಳು. ಹಂಚಿನ ಮೇಲೆ ರೊಟ್ಟಿ ಸೀಯುವ ವಾಸನೆ ಬಂತು.

"ತಡೀರಿ ಟೀಚರ್," ಎಂದಳು. "ಹೇಳಬ್ಯಾಡ್ರಿ. ನಾನ ಹೇಳ್ತೀನಿ."

ಶೋಭಾರಾಣಿಗೆ ಉತ್ತರ ಗೊತ್ತಿತ್ತು. ಅವಳು ಹೇಳಲಿಲ್ಲ. ಒಂದು ಕೈಯಲ್ಲಿ ಫೋನ್ ಹಿಡಿದುಕೊಂಡೇ ಇನ್ನೊಂದು ಕೈಯಿಂದ ರೊಟ್ಟಿಯನ್ನು ತಿರುವಿ ಹಾಕಿದಳು.